ತಟ್ಟಿದರೆ ಮಾತ್ರ ಹೊರಡುವ ಎಂಜಿನ್: ದೊಡ್ಡ ಮಾದರಿ ರೈಲಿನಲ್ಲಿ ಕರೆಂಟ್ ತಪ್ಪುವುದು ಎಲ್ಲಿ?

ಓದುಗರ ಪ್ರಶ್ನೆ: ನನ್ನದು 45 ಮಿ.ಮೀ. ಹಳಿಯ ಮೇಲೆ ಓಡುವ ದೊಡ್ಡ ಮಾದರಿ ಎಂಜಿನ್. ಒಂದೆರಡು ಸುತ್ತು ಚೆನ್ನಾಗಿ ಓಡುತ್ತದೆ, ಆಮೇಲೆ ತಡವರಿಸಿ ನಿಂತುಬಿಡುತ್ತದೆ. ಬೆರಳಿನಿಂದ ತಟ್ಟಿದರೆ ಮತ್ತೆ ಹೊರಡುತ್ತದೆ. ಹಳಿ ಒರೆಸಿದ್ದಾಯಿತು, ಗಾಲಿ ಒರೆಸಿದ್ದಾಯಿತು. ಮೋಟರ್ ಕೆಟ್ಟಿರಬಹುದೇ?

ಉತ್ತರ: ತಟ್ಟಿದರೆ ಹೊರಡುತ್ತದೆ ಎಂದರೆ ಮೋಟರ್ ಬಹುಮಟ್ಟಿಗೆ ಸರಿಯಾಗಿಯೇ ಇದೆ, ಅದಕ್ಕೆ ಕರೆಂಟ್ ಮುಟ್ಟುತ್ತಿಲ್ಲ. ಎಂಜಿನ್ ನಿಂತ ಕ್ಷಣದಲ್ಲಿ ಅದರ ದೀಪ ನೋಡಿ. ದೀಪವೂ ಆರಿದರೆ ಅಥವಾ ಮಂಕಾದರೆ ತೊಂದರೆ ಪಿಕಪ್‌ನಲ್ಲಿ, ಅಂದರೆ ಹಳಿಯಿಂದ ಕರೆಂಟ್ ಎತ್ತಿಕೊಳ್ಳುವ ದಾರಿಯಲ್ಲಿದೆ. ದೀಪ ಜೋರಾಗಿ ಉರಿಯುತ್ತಿದ್ದು ಮೋಟರ್ ಮಾತ್ರ ನಿಂತಿದ್ದರೆ ಮೋಟರ್ ಒಳಗಿನ ಬ್ರಶ್‌ಗಳನ್ನು, ಅದಕ್ಕೆ ಹೋಗುವ ವೈರುಗಳನ್ನು ನೋಡಬೇಕು. ತಂತಿ ಸುರುಳಿಯ ಹಳೆಯ ಬಲ್ಬಿಗೆ ಈ ಗುರುತು ಸರಿ. ಎಲ್‌ಇಡಿಗೆ ಕೆಲವೇ ಮಿಲಿಆಂಪಿಯರ್ ಸಾಕಾಗುವುದರಿಂದ, ಮೋಟರಿಗೆ ಸಾಲದ ಕೆಟ್ಟ ಸಂಪರ್ಕದಲ್ಲೂ ಅದು ಉರಿಯಬಹುದು.

ಕರೆಂಟು ಮೋಟರನ್ನು ಮುಟ್ಟುವ ಮೊದಲು ದಾಟಬೇಕಾದ ಕಡೆಗಳನ್ನು ಎಣಿಸಿ: ಹಳಿ ತುಂಡುಗಳ ಜೋಡಣೆಗಳು, ಹಳಿಯ ಮೇಲ್ಮೈ, ಗಾಲಿಯ ಅಂಚು, ಗಾಲಿಯ ಬೆನ್ನಿಗೆ ಒತ್ತುವ ಕಾರ್ಬನ್ ಬ್ರಶ್, ಅದರ ಸ್ಪ್ರಿಂಗ್, ಒಳಗಿನ ಹಿತ್ತಾಳೆ ಪಟ್ಟಿ, ವೈರು. ಮೋಟರಿನಿಂದ ಆಚೆಯ ಹಳಿಗೆ ಮರಳುವಾಗ ಮತ್ತೆ ಇವೆಲ್ಲ ಇವೆ. ಎಲ್ಲವೂ ಸಾಲಾಗಿ ಇರುವುದರಿಂದ ಒಂದು ಕೈಕೊಟ್ಟರೂ ಎಂಜಿನ್ ನಿಲ್ಲುತ್ತದೆ. ಒರೆಸುವುದರಿಂದ ಇವುಗಳಲ್ಲಿ ಎರಡು ಮಾತ್ರ ಸರಿಹೋಗುತ್ತವೆ. ಆದ್ದರಿಂದ ಬಟ್ಟೆ ಹಿಡಿಯುವ ಮೊದಲು ಮಲ್ಟಿಮೀಟರ್ ಹಿಡಿಯಿರಿ.

ಹಳಿಯೋ, ಎಂಜಿನ್ನೋ?

ಎಂಜಿನ್ನನ್ನು ನಿಧಾನವಾಗಿ ಹತ್ತು ಸುತ್ತು ಓಡಿಸಿ, ನಿಂತಲ್ಲೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿ. ಗುರುತುಗಳು ಒಂದೆರಡು ಕಡೆ ಗುಂಪಾಗಿ ಬಿದ್ದರೆ ತಪ್ಪು ಹಳಿಯದು. ಸುತ್ತಲೂ ಚೆದುರಿದ್ದರೆ ಎಂಜಿನ್ನಿನದು. ಎಡ ತಿರುವಿನಲ್ಲಿ ಮಾತ್ರ ಅಥವಾ ಬಲ ತಿರುವಿನಲ್ಲಿ ಮಾತ್ರ ನಿಲ್ಲುತ್ತಿದ್ದರೆ ಬೋಗಿಗೋ (ಎಂಜಿನ್ ಅಡಿಯಲ್ಲಿ ತಿರುಗುವ ಗಾಲಿಗಳ ಚೌಕಟ್ಟು) ಟೆಂಡರಿಗೋ (ಎಂಜಿನ್ ಹಿಂದಿನ ಇಂಧನದ ಗಾಡಿ) ಹೋಗುವ ವೈರು ಎಳೆದುಕೊಳ್ಳುತ್ತಿದೆ ಎಂದು ಮೊದಲು ಶಂಕಿಸಿ. ಹಿಂದೆ ಚೆನ್ನಾಗಿ ಓಡಿ ಮುಂದೆ ತಡವರಿಸುವ ಎಂಜಿನ್ನಿನಲ್ಲಿ ಗಾಲಿಯ ಅಚ್ಚು ಅಕ್ಕಪಕ್ಕ ಹೆಚ್ಚು ಆಡುತ್ತಿರಬಹುದು. ಒಂದು ದಿಕ್ಕಿನ ಎಳೆತದಲ್ಲಿ ಗಾಲಿ ಬ್ರಶ್‌ನಿಂದ ದೂರ ಸರಿಯುತ್ತದೆ.

ಹಳಿಯ ಪರೀಕ್ಷೆ ಭಾರ ಹಾಕಿಯೇ ಆಗಬೇಕು

ಅನೇಕರು ಎಡವುವುದು ಇಲ್ಲಿಯೇ. ಖಾಲಿ ಹಳಿಯ ಮೇಲೆ ಮೀಟರ್ ಇಟ್ಟು ಎಲ್ಲ ಕಡೆ 12 ವೋಲ್ಟ್ ತೋರಿಸುತ್ತಿದೆ, ಹಳಿ ಸರಿಯಿದೆ ಎಂದುಕೊಳ್ಳುತ್ತಾರೆ. ಮೀಟರ್ ಎಳೆಯುವ ಕರೆಂಟು ಇಲ್ಲವೆಂಬಷ್ಟು ಕಡಿಮೆ. ತೀರಾ ಕೆಟ್ಟ ಜೋಡಣೆಯ ಆಚೆಗೂ ಅದು ಪೂರ್ತಿ ವೋಲ್ಟೇಜನ್ನೇ ತೋರಿಸುತ್ತದೆ. ಎಂಜಿನ್ ಒಂದೆರಡು ಆಂಪಿಯರ್ ಎಳೆದಾಗಷ್ಟೇ ವೋಲ್ಟೇಜು ಕುಸಿಯುತ್ತದೆ.

ಅದಕ್ಕೆ ವಾಹನಗಳ ಬ್ರೇಕ್ ದೀಪದ 12 ವೋಲ್ಟ್, 21 ವ್ಯಾಟಿನ ಬಲ್ಬ್ ಒಂದನ್ನು ತನ್ನಿ. ಅದು 1.75 ಆಂಪಿಯರ್ ಎಳೆಯುತ್ತದೆ, ಮಧ್ಯಮ ಗಾತ್ರದ ಎಂಜಿನ್ನಿನಷ್ಟೇ ಭಾರ. ಎರಡು ವೈರು ಬೆಸೆದು ತುದಿಗೆ ಕ್ರೊಕೊಡೈಲ್ ಕ್ಲಿಪ್ ಹಾಕಿ. ಬಲ್ಬು ಚೆನ್ನಾಗಿ ಬಿಸಿಯಾಗುವುದರಿಂದ ಹಳಿಯ ಅಡಿಯ ಪ್ಲಾಸ್ಟಿಕ್ ಪಟ್ಟಿಗಳ (ಸ್ಲೀಪರ್) ಮೇಲೆ ಇಡಬೇಡಿ. ಹಳಿಯ ಮೂಲಕವೇ ಎಂಜಿನ್ನಿಗೆ ಡಿಜಿಟಲ್ ಆದೇಶ ಕಳಿಸುವ ಡಿಸಿಸಿ ವ್ಯವಸ್ಥೆಯಿದ್ದರೆ ಅದನ್ನು ಕಳಚಿ, ಕನಿಷ್ಠ 2 ಆಂಪಿಯರಿನ ಸಾದಾ ಡಿಸಿ ಸಪ್ಲೈ ಜೋಡಿಸಿಕೊಳ್ಳಿ. ಡಿಸಿಸಿ ಅಲೆಯನ್ನು ಸಾಮಾನ್ಯ ಮೀಟರ್ ಸರಿಯಾಗಿ ಓದುವುದಿಲ್ಲ.

ಸಪ್ಲೈಯನ್ನು 12 ವೋಲ್ಟಿಗೆ ಇಟ್ಟು, ಬಲ್ಬನ್ನು ಹಳಿಯ ತೀರಾ ದೂರದ ತುದಿಯಲ್ಲಿ ಸಿಕ್ಕಿಸಿ. ಮೀಟರಿನ ಒಂದು ಪ್ರೋಬ್ ಸಪ್ಲೈಯ ಪ್ಲಸ್ ತುದಿಯಲ್ಲೇ ಇರಲಿ, ಇನ್ನೊಂದನ್ನು ಅದೇ ಪ್ಲಸ್ ಹಳಿಯ ಮೇಲೆ ಜೋಡಣೆಯಿಂದ ಜೋಡಣೆಗೆ ಸರಿಸುತ್ತ ಹೋಗಿ. ಅಂಕಿ ಮೆಲ್ಲಗೆ ಏರುತ್ತದೆ, ಒಂದು ಕಡೆ ಥಟ್ಟನೆ ಹಾರುತ್ತದೆ. ಕೆಟ್ಟ ಜೋಡಣೆ ಅದೇ. ಒಳ್ಳೆಯ ಜೋಡಣೆಯಲ್ಲಿ ಹತ್ತಿಪ್ಪತ್ತು ಮಿಲಿವೋಲ್ಟ್ ನಷ್ಟವಾಗಬಹುದು. 100 ದಾಟಿದರೆ ಬಿಚ್ಚಿ ನೋಡಲೇಬೇಕು. ಮೈನಸ್ ಹಳಿಗೂ ಇದೇ ಕ್ರಮ.

ಸಣ್ಣ ನಷ್ಟಗಳು ಸೇರಿ ಎಷ್ಟಾಗುತ್ತವೆ ನೋಡಿ. 30 ಸೆಂ.ಮೀ. ತುಂಡುಗಳಿಂದ ಮಾಡಿದ 10 ಮೀಟರ್ ಹಳಿಯಲ್ಲಿ ಎರಡೂ ಬದಿ ಸೇರಿ ಸುಮಾರು 65 ಜೋಡಣೆಗಳಿರುತ್ತವೆ. ಒಂದೊಂದರಲ್ಲಿ 0.02 ಓಮ್ ಅಷ್ಟೇ ಎಂದುಕೊಂಡರೂ ಒಟ್ಟು 1.3 ಓಮ್. ಎಂಜಿನ್ 2 ಆಂಪಿಯರ್ ಎಳೆದರೆ 2.6 ವೋಲ್ಟ್ ದಾರಿಯಲ್ಲೇ ಹೋಯಿತು. ಹಳಿ ವೃತ್ತಾಕಾರವಾಗಿದ್ದರೆ ಇನ್ನೊಂದು ಸೂಕ್ಷ್ಮವಿದೆ: ಕರೆಂಟು ಎರಡೂ ಕಡೆಯಿಂದ ಬರುವುದರಿಂದ ಒಂದು ಜೋಡಣೆ ಪೂರ್ತಿ ಕೆಟ್ಟರೂ ಗೊತ್ತಾಗುವುದಿಲ್ಲ. ಎರಡನೆಯದೂ ಕೆಟ್ಟಾಗ ನಡುವಿನ ಭಾಗ ಒಮ್ಮೆಲೇ ಸತ್ತುಹೋಗುತ್ತದೆ. ಪರೀಕ್ಷೆಗೆ ವೃತ್ತವನ್ನು ಸಪ್ಲೈ ಕೊಟ್ಟ ಜಾಗದ ಪಕ್ಕದಲ್ಲಿ ಒಂದು ಕಡೆ ಬಿಚ್ಚಿಕೊಳ್ಳಿ, ಬಿಚ್ಚಿದ ಆಚೆ ತುದಿಗೆ ಬಲ್ಬ್ ಸಿಕ್ಕಿಸಿ.

ಕೆಟ್ಟ ಜೋಡಣೆಯ ಜಾಯಿನರ್ (ಎರಡು ತುಂಡುಗಳನ್ನು ಸೇರಿಸುವ ಲೋಹದ ಪಟ್ಟಿ) ಕಳಚಿ, ಹಳಿಯ ಬುಡವನ್ನು ತುದಿಯಿಂದ 2 ಸೆಂ.ಮೀ.ವರೆಗೆ ನಯವಾದ ಎಮರಿ ಕಾಗದದಿಂದ ಹಳದಿ ಹಿತ್ತಾಳೆ ಕಾಣುವಷ್ಟು ಉಜ್ಜಿ. ಜಾಯಿನರಿನ ಒಳಗಿನ ಕಿಲುಬನ್ನೂ ಬಿಡಬೇಡಿ, ನಿಜವಾದ ತಡೆ ಹೆಚ್ಚಾಗಿ ಅಲ್ಲೇ ಇರುತ್ತದೆ. ಗ್ರಾಫೈಟ್ ಪೇಸ್ಟ್ ತೆಳ್ಳಗೆ ಸವರಿ, ಇಕ್ಕಳದಿಂದ ಜಾಯಿನರನ್ನು ಸ್ವಲ್ಪ ಬಿಗಿ ಮಾಡಿ ಸೇರಿಸಿ. ಇನ್ನೂ ಒಳ್ಳೆಯದು ಸ್ಕ್ರೂ ಇರುವ ಹಳಿ ಕ್ಲಾಂಪ್. ಬಯಲಿನಲ್ಲಿ ಹಾಕಿದ ಹಳಿಗೆ ಇದಕ್ಕಿಂತ ಬಾಳಿಕೆಯ ಉಪಾಯ ಕಡಿಮೆ. ವೈರು ಬೆಸೆಯುವುದಾದರೆ 30 ವ್ಯಾಟಿನ ಕಾವುಗೋಲು ಸಾಲದು. ದಪ್ಪ ಹಿತ್ತಾಳೆ ಶಾಖವನ್ನೆಲ್ಲ ಹೀರಿಕೊಳ್ಳುತ್ತದೆ, ಅಷ್ಟರಲ್ಲಿ ಸ್ಲೀಪರ್ ಕರಗುತ್ತದೆ. 100 ವ್ಯಾಟಿನದ್ದು ಬೇಕು, ಕೆಲಸ ಕೆಲವೇ ಸೆಕೆಂಡಿನಲ್ಲಿ ಮುಗಿಯಬೇಕು. ವೈರನ್ನು ಬಿಗಿಯಾಗಿ ಎಳೆಯದೆ ಸ್ವಲ್ಪ ಬಾಗಿಸಿ ಬಿಡಿ: 10 ಮೀಟರ್ ಹಿತ್ತಾಳೆ ಹಳಿ 30 ಡಿಗ್ರಿ ಬಿಸಿಯೇರಿದರೆ ಸುಮಾರು 6 ಮಿ.ಮೀ. ಉದ್ದವಾಗುತ್ತದೆ.

ಸಪ್ಲೈಯಿಂದ ಹಳಿಗೆ ಬರುವ ವೈರಿನ ದಪ್ಪವನ್ನೂ ಗಮನಿಸಿ. 10 ಮೀಟರ್ ದೂರಕ್ಕೆ ಹೋಗಿಬರುವ ತಾಮ್ರದ ವೈರಿನಲ್ಲಿ 5 ಆಂಪಿಯರ್ ಹರಿದರೆ, 0.5 ಚದರ ಮಿ.ಮೀ. ವೈರಿನಲ್ಲಿ ಸುಮಾರು 3.4 ವೋಲ್ಟ್ ಕಳೆಯುತ್ತದೆ, 2.5 ಚದರ ಮಿ.ಮೀ. ವೈರಿನಲ್ಲಿ 0.7 ವೋಲ್ಟ್ ಅಷ್ಟೇ.

ಎಂಜಿನ್ನಿನ ಕಡೆಗೆ

ಮೊದಲು ಬಿಚ್ಚದೆ ಮಾಡಬಹುದಾದ ಪರೀಕ್ಷೆ. ಎಂಜಿನ್ನನ್ನು ಸಮತಟ್ಟಾದ ಗಾಜಿನ ಮೇಲೆ ನಿಲ್ಲಿಸಿ, ಒಂದೊಂದೇ ಗಾಲಿಯ ಕೆಳಗೆ ತೆಳುವಾದ ಕಾಗದದ ಪಟ್ಟಿ ತೂರಿಸಿ ಎಳೆಯಿರಿ. ಪಟ್ಟಿ ಸಲೀಸಾಗಿ ಬಂದರೆ ಆ ಗಾಲಿ ಭಾರ ಹೊರುತ್ತಿಲ್ಲ, ಭಾರ ಹೊರದ ಗಾಲಿ ಕರೆಂಟನ್ನೂ ಎತ್ತುವುದಿಲ್ಲ. ಬೋಗಿಯ ತಿರುಗು ಸ್ಕ್ರೂ ಅತಿ ಬಿಗಿಯಾಗಿರುವುದು, ಒಳಗಿನ ವೈರಿನ ಕಟ್ಟು ಬೋಗಿಯನ್ನು ಒಂದು ಬದಿಗೆ ಒತ್ತುತ್ತಿರುವುದು, ಅಚ್ಚಿನ ಸ್ಪ್ರಿಂಗ್ ಸಿಕ್ಕಿಕೊಂಡಿರುವುದು — ಕಾರಣ ಸಾಮಾನ್ಯವಾಗಿ ಈ ಮೂರರಲ್ಲಿ ಒಂದು.

ರಬ್ಬರ್ ಟೈರ್ ಹಾಕಿದ ಗಾಲಿ ಯಾವುದು ಎಂದು ಗುರುತಿಸಿ. ಎಳೆಯುವ ಶಕ್ತಿಗಾಗಿ ಹಾಕಿದ ಆ ಟೈರ್ ಗಾಲಿಯನ್ನು ಹಳಿಯಿಂದ ಪೂರ್ತಿ ಬೇರ್ಪಡಿಸುತ್ತದೆ. ನಾಲ್ಕೇ ಗಾಲಿಯ ಚಿಕ್ಕ ಎಂಜಿನ್ನಿನಲ್ಲಿ ಟೈರಿನ ಬದಿಗೆ ಉಳಿಯುವುದು ಒಂದು ಗಾಲಿ, ಜೊತೆಗೆ ಹಳಿಯ ಮೇಲೆ ಜಾರುತ್ತ ಕರೆಂಟ್ ಎತ್ತುವ ಶೂ ಇದ್ದರೆ ಅದೊಂದು. ಶೂ ಅಂಟಿಕೊಂಡಿದ್ದರೆ ಇಡೀ ಬದಿ ಒಂದೇ ಗಾಲಿಯ ಮೇಲೆ ನಿಂತಂತೆ. ಹಳಿ ಕವಲೊಡೆಯುವ ಪಾಯಿಂಟ್‌ಗಳಲ್ಲಿ ಎರಡು ಹಳಿ ಅಡ್ಡ ಹಾಯುವ ಕಡೆಯ ಪ್ಲಾಸ್ಟಿಕ್ ತುಂಡಿನ (ಫ್ರಾಗ್) ಮೇಲೆ ಅದೂ ತಪ್ಪುತ್ತದೆ. ಪಾಯಿಂಟ್ ಮೇಲೆಯೇ ಪ್ರತಿ ಸಲ ನಿಲ್ಲುವ ಚಿಕ್ಕ ಎಂಜಿನ್ನುಗಳ ಕಥೆ ಬಹುಪಾಲು ಇದೇ.

ಮುಂದೆ ಎಂಜಿನ್ನನ್ನು ಸ್ಪಾಂಜ್ ಮೇಲೆ ಅಂಗಾತ ಮಲಗಿಸಿ. 6ರಿಂದ 8 ವೋಲ್ಟ್ ಡಿಸಿ ಕೊಡುವ ಒಂದು ವೈರನ್ನು ಬಲ ಬದಿಯ ಶೂಗೆ ಸಿಕ್ಕಿಸಿ, ಇನ್ನೊಂದರ ಎಳೆಗಳನ್ನು ಬಿಡಿಸಿ ಮೆತ್ತಗೆ ಎಡ ಬದಿಯ ಗಾಲಿಗಳಿಗೆ ಒಂದೊಂದಾಗಿ ಮುಟ್ಟಿಸಿ. ಟೈರ್ ಇಲ್ಲದ ಪ್ರತಿ ಗಾಲಿಯಲ್ಲೂ ಮೋಟರ್ ಒಂದೇ ವೇಗದಲ್ಲಿ ತಿರುಗಬೇಕು. ನಿಧಾನವಾದ, ಕುಂಟುವ ಅಥವಾ ಸುಮ್ಮನಿರುವ ಗಾಲಿಯನ್ನು ಬರೆದುಕೊಳ್ಳಿ, ಬಳಿಕ ಬದಿ ಬದಲಿಸಿ. ಶೂ ಇಲ್ಲದ ಎಂಜಿನ್ನಿನಲ್ಲಿ ಆಚೆ ಬದಿಯ ಒಳ್ಳೆಯ ಗಾಲಿಯೊಂದನ್ನು ಆಧಾರವಾಗಿ ಹಿಡಿಯಿರಿ. ಗಾಲಿಯನ್ನು ಕೈಯಿಂದ ತಿರುಗಿಸಬೇಡಿ. ಮೋಟರಿನ ವರ್ಮ್ ಗೇರ್ (ಸ್ಕ್ರೂ ಆಕಾರದ ಗೇರ್) ಗಾಲಿಯ ಕಡೆಯಿಂದ ತಿರುಗುವುದಿಲ್ಲ, ಒತ್ತಾಯಿಸಿದರೆ ಪ್ಲಾಸ್ಟಿಕ್ ಗೇರಿನ ಹಲ್ಲು ಮುರಿಯುತ್ತದೆ.

ಡಿಕೋಡರ್ (ಡಿಸಿಸಿ ಆದೇಶ ಓದಿ ಮೋಟರ್ ನಡೆಸುವ ಸರ್ಕ್ಯೂಟ್) ಇರುವ ಎಂಜಿನ್ನಿಗೆ ಈ ವಿಧಾನ ಬೇಡ, ಓಮ್ ಅಳತೆ ಸಾಕು. ಡಿಕೋಡರಿನ ಕೆಂಪು ವೈರು ಬಲ ಹಳಿಯದು, ಕಪ್ಪು ಎಡ ಹಳಿಯದು. ಡಿಕೋಡರಿನ ಪ್ಲಗ್ ಕಳಚಿ, ಎಂಜಿನ್ ಕಡೆಯ ತುದಿಯಿಂದ ಆಯಾ ಬದಿಯ ಪ್ರತಿ ಗಾಲಿಯ ಅಂಚಿಗೆ ಅಳೆಯಿರಿ. ಪ್ರೋಬ್‌ಗಳನ್ನು ಒಂದಕ್ಕೊಂದು ತಾಗಿಸಿದಾಗ ಬರುವ ಅಂಕಿಯನ್ನು ಕಳೆದ ಮೇಲೆ 1 ಓಮ್ ಒಳಗಿದ್ದರೆ ನೆಮ್ಮದಿ. ಕಿತ್ತಳೆ ಮತ್ತು ಬೂದು ವೈರುಗಳು ಮೋಟರಿನವು. ಡಿಕೋಡರ್ ಜೋಡಿಸಿರುವಾಗ ಅವುಗಳಿಗೆ ಹೊರಗಿನ ಕರೆಂಟ್ ಕೊಟ್ಟರೆ ಡಿಕೋಡರ್ ಸುಟ್ಟುಹೋಗುತ್ತದೆ.

ಬ್ರಶ್, ಶೂ, ವೈರು

ತಳದ ಮುಚ್ಚಳದ ಸ್ಕ್ರೂ ತೆಗೆದು ಗಾಲಿಜೋಡಿಯನ್ನು ನೇರವಾಗಿ ಮೇಲೆತ್ತಿ. ಬ್ರಶ್ ಹಿಂದಿನ ಸ್ಪ್ರಿಂಗ್ ಚಿಮ್ಮಿ ಕಳೆದುಹೋಗುವುದು ಬಹಳ ಸಾಮಾನ್ಯ. ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟು ಕೆಲಸ ಮಾಡಿದರೆ ಹುಡುಕಾಟ ತಪ್ಪುತ್ತದೆ. ಒಂದೇ ಎಂಜಿನ್ನಿನಲ್ಲಿ ಬೇರೆ ಬೇರೆ ಉದ್ದದ ಬ್ರಶ್‌ಗಳಿರಬಹುದು, ಯಾವುದು ಎಲ್ಲಿಯದು ಎಂದು ಫೋಟೊ ತೆಗೆದಿಟ್ಟುಕೊಳ್ಳಿ.

ಬ್ರಶ್ಶನ್ನು ಬೆರಳಿನಿಂದ ಒಳಗೆ ಒತ್ತಿ ಬಿಡಿ. ತಕ್ಷಣ ಪುಟಿದು ಬರಬೇಕು. ತಡೆದು ತಡೆದು ಬಂದರೆ ಅದರ ಕೊಳವೆಯಲ್ಲಿ ಕಾರ್ಬನ್ ಪುಡಿಯೂ ಎಣ್ಣೆಯೂ ಸೇರಿ ಕರಿ ಅಂಟಾಗಿದೆ. ಗೇರಿಗೆ ಹೆಚ್ಚು ಎಣ್ಣೆ ಹಾಕಿದ ಎಂಜಿನ್ನುಗಳಲ್ಲಿ ಇದು ಖಚಿತ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಕೊಳವೆಯನ್ನು ತೊಳೆದು ಒಣಗಿಸಿ, ಬ್ರಶ್ಶಿಗೆ ಮತ್ತೆ ಎಣ್ಣೆ ಸೋಕಿಸಬೇಡಿ. ಸವೆದು ಗಿಡ್ಡವಾದ ಬ್ರಶ್‌ಗೆ ಸ್ಪ್ರಿಂಗ್ ಹಿಗ್ಗಿಸಿ ಕೆಲಸ ಸಾಗಿಸುವ ರೂಢಿಯಿದೆ, ಅದು ಬೇಡ. ಹಿಗ್ಗಿಸಿದ ಸ್ಪ್ರಿಂಗ್ ಬೇಗ ಸೋಲುತ್ತದೆ. ಬ್ರಶ್, ಸ್ಪ್ರಿಂಗ್ ಎರಡನ್ನೂ ಹೊಸದು ಹಾಕಿ.

ಬ್ರಶ್ ಸರಿಯಿದ್ದೂ ಸಂಪರ್ಕ ತಪ್ಪುತ್ತಿದ್ದರೆ ಗಾಲಿಯೇ ಅಚ್ಚಿನ ಮೇಲೆ ಹೊರಗೆ ಜರುಗಿರಬಹುದು. ಎರಡು ಗಾಲಿಗಳ ಬೆನ್ನಿನ ನಡುವಿನ ಅಂತರ 45 ಮಿ.ಮೀ. ಹಳಿಗೆ ಸುಮಾರು 40 ಮಿ.ಮೀ. ಇರಬೇಕು, ಕ್ಯಾಲಿಪರ್‌ನಿಂದ ಮೂರು ಕಡೆ ಅಳೆಯಿರಿ. ಮೂರೂ ಬೇರೆ ಬೇರೆ ಬಂದರೆ ಗಾಲಿ ವಾಲಿದೆ.

ಜಾರುವ ಶೂ ಸ್ವತಂತ್ರವಾಗಿ ಮೇಲೆ ಕೆಳಗೆ ಆಡಬೇಕು, ಅದರ ತಳದಲ್ಲಿ ಆಳವಾದ ಗೀರು ಬಿದ್ದಿದ್ದರೆ ಬದಲಿಸಿ. ಅದನ್ನು ಬಗ್ಗಿಸಿ ಒತ್ತಡ ಹೆಚ್ಚಿಸಲು ಹೋಗಬೇಡಿ. ಅತಿಯಾಗಿ ಒತ್ತುವ ಶೂ ಎಂಜಿನ್ನನ್ನೇ ಎತ್ತಿ, ಗಾಲಿಗಳ ಮೇಲಿನ ಭಾರ ಕಡಿಮೆ ಮಾಡುತ್ತದೆ.

ವೈರುಗಳಲ್ಲಿ ಮೋಸ ಮಾಡುವುದು ಹೊರಗಿನ ಹೊದಿಕೆ ಚೆನ್ನಾಗಿದ್ದು ಒಳಗಿನ ಎಳೆಗಳು ತುಂಡಾಗಿರುವ ವೈರು. ಬೋಗಿ ತಿರುಗುವಲ್ಲಿ, ಟೆಂಡರ್ ಪ್ಲಗ್‌ನ ಕತ್ತಿನಲ್ಲಿ ಮೆಲ್ಲಗೆ ಎಳೆದು ನೋಡಿ. ಎಳೆ ಕಡಿದಲ್ಲಿ ಹೊದಿಕೆ ರಬ್ಬರಿನಂತೆ ಹಿಗ್ಗುತ್ತದೆ. ಅಲ್ಲಿಗೆ ಸಣ್ಣ ಎಳೆಗಳ ಸಿಲಿಕೋನ್ ವೈರು ಹಾಕಿ.

ಒರೆಸುವುದು, ಒರೆಸಬಾರದ್ದು

ಗಾಲಿಯ ಕರಿ ಪದರಕ್ಕೆ ಧೂಳು, ಎಣ್ಣೆಗಳ ಜೊತೆಗೆ ಕೆಟ್ಟ ಸಂಪರ್ಕದ ಕಿಡಿಗಳೂ ಕಾರಣ. ಕರಿ ಕಟ್ಟಿದಷ್ಟೂ ಕಿಡಿ, ಕಿಡಿಯಾದಷ್ಟೂ ಕರಿ. ಆಲ್ಕೊಹಾಲಿನಲ್ಲಿ ನೆನೆಸಿದ ಬಟ್ಟೆಯಿಂದ ತೆಗೆಯಿರಿ. ಗಾಲಿಯನ್ನು ಎಮರಿಯಿಂದ ಉಜ್ಜಿದರೆ ಲೇಪನ ಹರಿದು ಗೀರು ಬೀಳುತ್ತದೆ, ಗೀರಿನಲ್ಲಿ ಕೊಳೆ ಇನ್ನೂ ಬೇಗ ಕೂರುತ್ತದೆ. ಲೇಪನ ಹೋಗಿ ಅಡಿಯ ಲೋಹ ಕಾಣುತ್ತಿದ್ದರೆ ಒರೆಸಿ ಪ್ರಯೋಜನವಿಲ್ಲ, ಗಾಲಿಜೋಡಿ ಬದಲಿಸಿ. ಹಳಿಗೆ ಸ್ಟೀಲ್ ಉಣ್ಣೆ ಎಂದಿಗೂ ಬೇಡ. ಉದುರಿದ ಎಳೆಗಳನ್ನು ಮೋಟರಿನ ಅಯಸ್ಕಾಂತ ಒಳಗೆ ಸೆಳೆದುಕೊಂಡು ಶಾರ್ಟ್ ಮಾಡುತ್ತದೆ.

ಕೆಪಾಸಿಟರ್ ಹಾಕಿದರೆ ಸಾಲದೇ?

ಡಿಸಿಸಿ ಡಿಕೋಡರಿಗೆ ಜೋಡಿಸುವ, ಕರೆಂಟನ್ನು ಸ್ವಲ್ಪ ಹೊತ್ತು ಕೂಡಿಟ್ಟುಕೊಳ್ಳುವ ಕೆಪಾಸಿಟರ್ ಫ್ರಾಗ್‌ನಂಥ ಚಿಕ್ಕ ಅಂತರ ದಾಟಿಸುತ್ತದೆ. ಎಂಜಿನ್ 1 ಆಂಪಿಯರ್ ಎಳೆಯುತ್ತ 5 ವೋಲ್ಟ್ ಇಳಿಯುವಷ್ಟು ಹೊತ್ತು ಎಂದು ಲೆಕ್ಕ ಹಾಕಿದರೆ, 1000 ಮೈಕ್ರೊಫ್ಯಾರಡ್ ತಡೆಯುವುದು ಸೆಕೆಂಡಿನ ಇನ್ನೂರರಲ್ಲಿ ಒಂದು ಭಾಗ, ಅದರಿಂದ ಏನೂ ಆಗದು. 2.7 ವೋಲ್ಟ್, 1 ಫ್ಯಾರಡಿನ ಹತ್ತು ಸೂಪರ್ ಕೆಪಾಸಿಟರ್‌ಗಳನ್ನು ಸಾಲಾಗಿ ಜೋಡಿಸಿದರೆ ಒಟ್ಟು 0.1 ಫ್ಯಾರಡ್, ಅರ್ಧ ಸೆಕೆಂಡ್ ಸಿಗುತ್ತದೆ. ಚಾರ್ಜ್ ಆಗುವಾಗಿನ ಕರೆಂಟಿಗೆ ಮಿತಿ ಹಾಕುವ ರೆಸಿಸ್ಟರ್ ಮತ್ತು ಡಯೋಡ್ ಜೊತೆಗಿರಬೇಕು. ಸಾದಾ ಡಿಸಿಯಲ್ಲಿ ಓಡುವ ಎಂಜಿನ್ನಿನ ಮೋಟರಿಗೆ ಇವನ್ನು ನೇರವಾಗಿ ಜೋಡಿಸಲೇಬೇಡಿ. ದಿಕ್ಕು ಬದಲಿಸಿದಾಗ ಧ್ರುವ ತಿರುಗಿ ಕೆಪಾಸಿಟರ್ ಕೆಟ್ಟುಹೋಗುತ್ತದೆ, ಸಿಡಿಯಲೂಬಹುದು.

ಬಯಲಿನಲ್ಲಿ ಉದ್ದದ ಹಳಿ ಇದ್ದು, ಪ್ರತಿ ಸಲ ಎಲೆ ಮಣ್ಣು ಗುಡಿಸಿ ಸಾಕಾಗಿದ್ದರೆ ಬ್ಯಾಟರಿ ಮತ್ತು ರೇಡಿಯೊ ನಿಯಂತ್ರಣ ಒಳ್ಳೆಯ ದಾರಿ. ನಾಲ್ಕು ಲಿಥಿಯಂ ಅಯಾನ್ ಸೆಲ್‌ಗಳಿಂದ 14.8 ವೋಲ್ಟ್, ಐದರಿಂದ 18.5 ವೋಲ್ಟ್ ಸಿಗುತ್ತದೆ. ಸೆಲ್‌ಗಳಿಗೆ ರಕ್ಷಣಾ ಬೋರ್ಡ್ ಮತ್ತು ಫ್ಯೂಸ್ ಇರಲೇಬೇಕು. ಆಗ ಪಿಕಪ್ ವೈರುಗಳನ್ನು ಎರಡೂ ಬದಿಯಲ್ಲಿ ಕತ್ತರಿಸಿ, ತುದಿಗಳಿಗೆ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಅಂಟುವ ಕೊಳವೆ) ಹಾಕಿ, ಶೂ ಮತ್ತು ಬ್ರಶ್‌ಗಳನ್ನು ತೆಗೆದುಬಿಡಿ. ಒಂದು ಬದಿಯೂ ಮರೆತು ಉಳಿಯದಂತೆ ನೋಡಿಕೊಳ್ಳಿ, ಹಳಿಯ ಕರೆಂಟು ಹೊಸ ಕಂಟ್ರೋಲರಿನ ಒಳಗೆ ಬರಬಾರದು.