ಲೈಗೊ ಕಿವಿ ಎಷ್ಟು ದೂರಕ್ಕೆ ಕೇಳುತ್ತದೆ?

'ಗುರುತ್ವ ಅಲೆ ಹಿಡಿಯುವ ಲೈಗೊ ಇಷ್ಟು ಕೋಟಿ ಜ್ಯೋತಿರ್ವರ್ಷ ದೂರ ನೋಡುತ್ತದೆ' ಎಂದು ಸುದ್ದಿಗಳಲ್ಲಿ ಬರೆದುಬಿಡುತ್ತಾರೆ. (ಭಾರೀ ಕಾಯಗಳು ಒಂದಾದಾಗ ಜಾಗದಲ್ಲೇ ಏಳುವ ಅಲುಗಾಟ ಗುರುತ್ವ ಅಲೆ; ಅದನ್ನು ಹಿಡಿಯುವ ಅಮೆರಿಕದ ಎರಡು ಯಂತ್ರಗಳೇ ಲೈಗೊ.) ಹಾಗೆ ಸುಮ್ನೆ ಒಂದು ಗೆರೆ ಎಳೆಯಲು ಬರುವುದಿಲ್ಲ. 2015ರಲ್ಲಿ ಮೊದಲು ಸಿಕ್ಕ ಅಲೆ ಸುಮಾರು 130 ಕೋಟಿ ಜ್ಯೋತಿರ್ವರ್ಷ ಆಚೆಯದು. ಒಂದೊಂದೂ ಸೂರ್ಯನ 30 ಪಟ್ಟಿನಷ್ಟು ತೂಕದ ಎರಡು ಕಪ್ಪುಕುಳಿಗಳು ಅಲ್ಲಿ ಒಂದಾಗಿದ್ದವು. ಅದೇ ದೂರದಲ್ಲಿ ನ್ಯೂಟ್ರಾನ್ ನಕ್ಷತ್ರಗಳು (ಸತ್ತ ನಕ್ಷತ್ರಗಳ ದಟ್ಟ ತಿರುಳು, ಆ ಕಪ್ಪುಕುಳಿಗಳಿಗಿಂತ ಬಲು ಹಗುರ) ಒಂದಾಗಿದ್ದರೆ ಯಂತ್ರಕ್ಕೆ ಗೊತ್ತೇ ಆಗುತ್ತಿರಲಿಲ್ಲ.

ಅದಕ್ಕೇ ಒಂದು ಅಳತೆಗೋಲು ಮಾಡಿಕೊಂಡಿದ್ದಾರೆ: ತಲಾ 1.4 ಸೂರ್ಯರಷ್ಟು ತೂಕದ ಜೋಡಿ ನ್ಯೂಟ್ರಾನ್ ನಕ್ಷತ್ರಗಳು. ಅವುಗಳ ಅಲೆ ಯಂತ್ರದ ಗದ್ದಲಕ್ಕಿಂತ 8 ಪಟ್ಟು ಎದ್ದು ಕಾಣಬೇಕು. ಅಲೆ ನೆತ್ತಿಯ ಮೇಲಿಂದ ಬಂದರೆ ಚೆನ್ನಾಗಿ ಕೇಳುತ್ತದೆ, ಕೆಲವು ದಿಕ್ಕುಗಳಿಗೆ ಯಂತ್ರ ಪೂರಾ ಕಿವುಡು. ಎಲ್ಲ ದಿಕ್ಕು, ಜೋಡಿಯ ಎಲ್ಲ ಓರೆ ಸೇರಿಸಿ ಸರಾಸರಿ ತೆಗೆದ ದೂರವೇ 'ರೇಂಜ್'. ಜೋಡಿ ಸರಿಯಾಗಿ ನೆತ್ತಿಯ ಮೇಲೆ, ನಮ್ಮತ್ತ ನೇರ ಮುಖ ಮಾಡಿದ್ದರೆ ಅದರ 2.26 ಪಟ್ಟು ದೂರದ್ದೂ ಸಿಗುತ್ತದೆ.

ಈಗ ನನಗೆ ಬಲು ಇಷ್ಟವಾದ ಸಂಗತಿ. ದೂರ ಎರಡು ಪಟ್ಟಾದರೆ ನಕ್ಷತ್ರದ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಆದರೆ ಲೈಗೊ ಅಳೆಯುವುದು ಅಲೆಯ ಶಕ್ತಿಯನ್ನಲ್ಲ, ಅದು ಜಾಗವನ್ನು ಎಷ್ಟು ಎಳೆಯಿತು ಎಂಬುದನ್ನು. ಅದು ಇಳಿಯುವುದು ಅರ್ಧಕ್ಕಷ್ಟೇ! ಅಂದರೆ ಯಂತ್ರದ ಗದ್ದಲ ಅರ್ಧ ಮಾಡಿದರೆ ರೇಂಜ್ ಎರಡು ಪಟ್ಟು, ಅದರೊಳಗೆ ಬರುವ ಜಾಗ 8 ಪಟ್ಟು. 2015ರಲ್ಲಿ ರೇಂಜ್ ಸುಮಾರು 26 ಕೋಟಿ ಜ್ಯೋತಿರ್ವರ್ಷ ಇತ್ತು, ಈಚೆಗೆ 50 ಕೋಟಿ ತಲುಪಿದೆ. ಆಗ ವರ್ಷವಿಡೀ ಕಾದರೆ ಸಿಗುವಷ್ಟು ಈಗ ಒಂದೂವರೆ ತಿಂಗಳಿಗೇ ಸಿಗಬೇಕು, ಅಲ್ವಾ?

ಗದ್ದಲ ಇಳಿಸುವುದೇ ಕಷ್ಟ. ಅಮೆರಿಕದ ಹ್ಯಾನ್‌ಫರ್ಡ್‌ನಲ್ಲಿ 2017ರಲ್ಲಿ ಅಲ್ಲಿನ ಲೈಗೊ ಯಂತ್ರದ ದತ್ತಾಂಶದ ತುಂಬ ವಿಚಿತ್ರ ಸದ್ದು. ಹುಡುಕಿದರೆ, ದ್ರವ ಸಾರಜನಕದ ಕೊಳವೆಯ ಮೇಲೆ ಕಟ್ಟಿದ ಹಿಮವನ್ನು ಬಾಯಾರಿದ ಕಾಡುಕಾಗೆಗಳು ಕುಕ್ಕುತ್ತಿದ್ದವು.

ಕಿವುಡು ದಿಕ್ಕೂ ಒಮ್ಮೆ ಉಪಕಾರ ಮಾಡಿದ್ದುಂಟು. 2017ರ ಆಗಸ್ಟ್‌ನಲ್ಲಿ 13 ಕೋಟಿ ಜ್ಯೋತಿರ್ವರ್ಷ ದೂರದ ನ್ಯೂಟ್ರಾನ್ ಜೋಡಿಯನ್ನು ಅಮೆರಿಕದ ಎರಡೂ ಯಂತ್ರ ಹಿಡಿದವು. ಇಂಥದೇ ಯಂತ್ರವಾದ ಇಟಲಿಯ ವರ್ಗೋಗೆ ಹೆಚ್ಚೇನೂ ಕೇಳಲಿಲ್ಲ. ಹಾಗಾದರೆ ಜೋಡಿ ಅದರ ಕಿವುಡು ದಿಕ್ಕಿನ ಹತ್ತಿರವೇ ಇರಬೇಕು ಎಂದು ಲೆಕ್ಕ ಹಾಕಿದರು, ದೂರದರ್ಶಕಗಳು ಅತ್ತ ತಿರುಗಿದವು, ಸಿಕ್ಕಿತು. ಅಮೆರಿಕದ ಎರಡು ಯಂತ್ರಗಳೂ ಹೆಚ್ಚುಕಡಿಮೆ ಒಂದೇ ಓರೆಯಲ್ಲಿ ನಿಂತಿರುವುದರಿಂದ ಅವುಗಳ ಕಿವುಡು ದಿಕ್ಕುಗಳೂ ಹೆಚ್ಚುಕಡಿಮೆ ಒಂದೇ. ಮಹಾರಾಷ್ಟ್ರದ ಹಿಂಗೋಲಿಯಲ್ಲಿ ಬರಲಿರುವ ಲೈಗೊ-ಇಂಡಿಯಾ ಬೇರೆ ಓರೆಯಲ್ಲಿ ಇರುತ್ತದೆ, ಅವಕ್ಕೆ ಕೇಳದ ದಿಕ್ಕು ಅದಕ್ಕೆ ಕೇಳಬಹುದು.