ಸ್ಟಾಲ್ ಸ್ಪೀಡ್: ಆಟೋಮ್ಯಾಟಿಕ್ ಗಾಡಿ ಗೆರೆ ಬಿಡುವ ಮೊದಲಿನ ಲೆಕ್ಕ

"ಆಟೋಮ್ಯಾಟಿಕ್ ತಗೊಂಡು ರೇಸಿಗೆ ಹೊಂಟೀಯೇನಲೇ, ಅದು ಮನಿಮಂದಿ ಅಡ್ಡ್ಯಾಡೋ ಗಾಡಿ" ಎಂಬ ಮಾತು ಹುಬ್ಬಳ್ಳಿಯ ಗ್ಯಾರೇಜುಗಳ ಮುಂದೆ ಇವತ್ತಿಗೂ ಕೇಳುತ್ತದೆ. ಕ್ಲಚ್ ತುಳಿದು, ರೇಸ್ ಕೊಟ್ಟು, ಫಟ್ಟನೆ ಬಿಟ್ಟರೆ ಮಾತ್ರ ಗಾಡಿ ಜಿಗಿಯುತ್ತದೆ ಎಂಬ ನಂಬಿಕೆ ಅಷ್ಟು ಗಟ್ಟಿ. ಡ್ರ್ಯಾಗ್ ರೇಸಿನ ತವರಾದ ಅಮೆರಿಕದಲ್ಲಿ ಕಥೆ ಬೇರೆ. ಅಲ್ಲಿ ಜನರಲ್ ಮೋಟರ್ಸ್ 1950ರಲ್ಲಿ ತಂದ ಪವರ್‌ಗ್ಲೈಡ್ ಎಂಬ ಎರಡೇ ಗೇರಿನ ಆಟೋಮ್ಯಾಟಿಕ್ ಪೆಟ್ಟಿಗೆಯ ತಯಾರಿಕೆ 1973ರಲ್ಲೇ ನಿಂತಿದ್ದರೂ ರೇಸಿನವರು ಅದನ್ನು ಇನ್ನೂ ಬಿಟ್ಟಿಲ್ಲ. ಕಾರಣ ತಿಳಿಯಬೇಕಾದರೆ ಸ್ಟಾಲ್ ಸ್ಪೀಡ್ ಏನೆಂದು ತಿಳಿಯಬೇಕು.

ಡ್ರ್ಯಾಗ್ ರೇಸ್ ಎಂದರೆ ನಿಂತಲ್ಲಿಂದ ಹೊರಟು ನೇರ ದಾರಿಯಲ್ಲಿ ಸಾಮಾನ್ಯವಾಗಿ ಕಾಲು ಮೈಲಿ, ಅಂದರೆ 402 ಮೀಟರ್ ಓಟ. ಮೊದಲ 60 ಅಡಿಯ ಸಮಯವನ್ನು ಬೇರೆಯಾಗಿಯೇ ಬರೆದುಕೊಳ್ಳುತ್ತಾರೆ. ಅಲ್ಲಿ ಹಿಂದೆ ಬಿದ್ದವರು ಕೊನೆಯವರೆಗೂ ಆ ಸಾಲ ತೀರಿಸುತ್ತಲೇ ಇರಬೇಕು.

ಸಾಂಪ್ರದಾಯಿಕ ಆಟೋಮ್ಯಾಟಿಕ್‌ನಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಕ್ಲಚ್ ಪ್ಲೇಟ್ ಇರುವುದಿಲ್ಲ. ಅದರ ಜಾಗದಲ್ಲಿ ಎಣ್ಣೆ ತುಂಬಿದ ದುಂಡನೆಯ ಟಾರ್ಕ್ ಕನ್ವರ್ಟರ್ ಇರುತ್ತದೆ. ಎಂಜಿನ್ನಿಗೆ ಬಿಗಿದ ಇಂಪೆಲ್ಲರ್ ತನ್ನ ರೆಕ್ಕೆಗಳಿಂದ ಎಣ್ಣೆ ಎರಚುತ್ತದೆ. ಆ ಎಣ್ಣೆ ಎದುರಿನ ಟರ್ಬೈನ್‌ಗೆ ಬಡಿದು ಗೇರ್‌ಬಾಕ್ಸನ್ನು ತಿರುಗಿಸುತ್ತದೆ. ಮರಳಿ ಬರುವ ಎಣ್ಣೆಯ ದಿಕ್ಕು ಬದಲಿಸಿ, ಇಂಪೆಲ್ಲರ್‌ಗೆ ಅಡ್ಡಿಯಾಗದೆ ಆಸರೆಯಾಗುವಂತೆ ಕಳಿಸುವುದು ನಡುವಿನ ಸ್ಟೇಟರ್ ಕೆಲಸ. ಜರ್ಮನಿಯ ಹರ್ಮನ್ ಫಾಟಿಂಗರ್ 1905ರಲ್ಲಿ ಪೇಟೆಂಟ್ ಪಡೆದ ಈ ಯುಕ್ತಿ ಹುಟ್ಟಿದ್ದು ಕಾರಿಗಾಗಿ ಅಲ್ಲ, ಹಡಗಿಗಾಗಿ.

ಈಗ ಗಾಡಿ ಗೇರಿನಲ್ಲಿದೆ, ಚಕ್ರ ಕದಲದಂತೆ ಹಿಡಿದಿದ್ದೇವೆ, ಎಕ್ಸಿಲರೇಟರ್ ಪೂರ್ತಿ ತುಳಿದಿದ್ದೇವೆ ಎಂದುಕೊಳ್ಳಿ. ಟರ್ಬೈನ್ ತಿರುಗಲಾರದು. ಎಂಜಿನ್ ಏರುತ್ತಾ ಹೋಗಿ ಒಂದು ಮಟ್ಟದಲ್ಲಿ ನಿಲ್ಲುತ್ತದೆ, ಏಕೆಂದರೆ ಅಲ್ಲಿ ಎಣ್ಣೆಯ ತಡೆ ಎಂಜಿನ್ನಿನ ಬಲಕ್ಕೆ ಸರಿಸಮವಾಗುತ್ತದೆ. ಆ ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಂಜಿನ್ ಹಾಕುವ ಸುತ್ತು, ಎಷ್ಟೋ ಅದೇ ಸ್ಟಾಲ್ ಸ್ಪೀಡ್. ಗಾಡಿ ಬಂದ್ ಬೀಳುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಎಂಜಿನ್ ಅರಚುತ್ತಲೇ ಇರುತ್ತದೆ, ನಿಂತಿರುವುದು ಟರ್ಬೈನ್ ಮಾತ್ರ.

ದಿನಬಳಕೆಯ ಕಾರುಗಳಲ್ಲಿ ಇದು ಸಾಮಾನ್ಯವಾಗಿ 2,000–2,500ರ ಆಸುಪಾಸು. ಡ್ರ್ಯಾಗ್‌ಗೆಂದೇ ಕಟ್ಟಿದ ಗಾಡಿಗಳಲ್ಲಿ 3,000ದಿಂದ 5,000, ಅದಕ್ಕೂ ಮೇಲೆ. ಸ್ವಾರಸ್ಯವೆಂದರೆ, ಟರ್ಬೈನ್ ನಿಂತಿರುವ ಆ ಗಳಿಗೆಯಲ್ಲೇ ಕನ್ವರ್ಟರ್ ಎಂಜಿನ್ನಿನ ಟಾರ್ಕನ್ನು, ಅಂದರೆ ತಿರುಗಿಸುವ ಬಲವನ್ನು, ಸುಮಾರು ಎರಡು ಪಟ್ಟು ಮಾಡಿ ಗೇರ್‌ಬಾಕ್ಸಿಗೆ ದಾಟಿಸುತ್ತದೆ. ಗಾಡಿ ವೇಗ ಹಿಡಿದಂತೆ ಈ ಲಾಭ ಕರಗುತ್ತದೆ. ಹಾಫ್ ಕ್ಲಚ್ಚಿನಲ್ಲಿ ಎಷ್ಟೇ ಕೈಚಳಕ, ಅಲ್ಲಲ್ಲ, ಕಾಲ್ಚಳಕ ತೋರಿಸಿದರೂ ಮ್ಯಾನ್ಯುವಲ್ ಗಾಡಿಗೆ ಇದು ದಕ್ಕುವುದಿಲ್ಲ.

ಗೆರೆಯಲ್ಲಿ ನಿಂತು ಎಡಗಾಲಲ್ಲಿ ಬ್ರೇಕ್ ಒತ್ತಿ, ಬಲಗಾಲಲ್ಲಿ ರೇಸ್ ಏರಿಸಿ, ಹಸಿರು ದೀಪಕ್ಕೆ ಬ್ರೇಕ್ ಬಿಡುವುದನ್ನು ಬ್ರೇಕ್ ಟಾರ್ಕಿಂಗ್ ಎನ್ನುತ್ತಾರೆ. ಧಾರವಾಡ, ಹಾವೇರಿ ಸೀಮೆಯ ಹಳ್ಳಿಗಳಲ್ಲಿ ಖಾಲಿ ಗಾಡಾ ಓಡಿಸುವ ಸ್ಪರ್ಧೆ ನೋಡಿದವರಿಗೆ ಚಿತ್ರ ಕಣ್ಣಿಗೆ ಕಟ್ಟುತ್ತದೆ: ಕಾಲು ಕೆದರುವ ಎತ್ತುಗಳನ್ನು ಹಗ್ಗ ಜಗ್ಗಿ ಹಿಡಿದಿರುತ್ತಾರೆ, ಬಿಟ್ಟ ಕೂಡಲೇ ಗಾಡಾ ಗಾಳಿಯಾಗುತ್ತದೆ. ಟರ್ಬೊ ಎಂಜಿನ್ನಿಗೆ ಇದರಿಂದ ಇನ್ನೊಂದು ಅನುಕೂಲವಿದೆ, ಹೊರಡುವ ಮೊದಲೇ ಬೂಸ್ಟ್, ಅಂದರೆ ಟರ್ಬೊ ಒತ್ತಿ ಕಳಿಸುವ ಗಾಳಿ, ತುಂಬಿಕೊಳ್ಳುತ್ತದೆ. ಆದರೆ ಬಲವಾದ ಎಂಜಿನ್ ಇದ್ದರೆ ಬ್ರೇಕ್ ಸೋಲುತ್ತದೆ. ಸ್ಟಾಲ್ ಮುಟ್ಟುವ ಮುಂಚೆಯೇ ಹಿಂದಿನ ಚಕ್ರ ಸುತ್ತತೊಡಗುತ್ತದೆ. ಅದಕ್ಕೇ ರೇಸ್ ಗಾಡಿಗಳಲ್ಲಿ ಟ್ರಾನ್ಸ್‌ಬ್ರೇಕ್ ಎಂಬ ಏರ್ಪಾಡು. ಅದು ಗೇರ್‌ಬಾಕ್ಸಿನೊಳಗೆ ಫಸ್ಟ್ ಮತ್ತು ರಿವರ್ಸ್ ಎರಡನ್ನೂ ಒಟ್ಟಿಗೆ ಹಿಡಿಸಿ ಗಾಡಿಯನ್ನು ಕಟ್ಟಿಹಾಕುತ್ತದೆ. ಚಾಲಕ ಒತ್ತಿ ಹಿಡಿದ ಗುಂಡಿಯನ್ನು ಬಿಟ್ಟರೆ ರಿವರ್ಸ್ ಕಳಚಿ ಗಾಡಿ ಚಿಮ್ಮುತ್ತದೆ. 2018ರ ಡಾಡ್ಜ್ ಚಾಲೆಂಜರ್ ಎಸ್‌ಆರ್‌ಟಿ ಡೀಮನ್ ಕಾರಿಗೆ ಇದನ್ನು ಕಾರ್ಖಾನೆಯಲ್ಲೇ ಕೂರಿಸಿ ಮಾರಿದರು. ಅದರ ಗೇರ್‌ಬಾಕ್ಸ್ ಎಂಟು ಗೇರಿನ ಆಟೋಮ್ಯಾಟಿಕ್.

ಇದನ್ನೆಲ್ಲ ನಮ್ಮ ಹುಬ್ಬಳ್ಳಿ–ಧಾರವಾಡದ ಗಬ್ಬೂರು–ನರೇಂದ್ರ ಬೈಪಾಸಿನಲ್ಲಿ ಪರೀಕ್ಷಿಸಲು ಹೊರಡಬೇಡಿ. ಲಾರಿಗಳ ನಡುವೆ ಅದು ಹುಡುಗಾಟವಲ್ಲ. ಅನುಮತಿಯಿಲ್ಲದೆ ರಸ್ತೆಯಲ್ಲಿ ರೇಸ್ ಮಾಡಿದರೆ ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನಡಿ ಮೊದಲ ಸಲವೇ 3 ತಿಂಗಳವರೆಗೆ ಜೈಲು ಅಥವಾ ₹5,000ದವರೆಗೆ ದಂಡ, ಇಲ್ಲವೇ ಎರಡೂ.

ಸ್ಟಾಲ್ ಹೆಚ್ಚಿದಷ್ಟೂ ಗಾಡಿ ಓಡುತ್ತದೆ ಎಂದು ತಿಳಿಯುವವರೇ ಬಹಳ. ನನಗೆ ಕಂಡಂತೆ ಇದರಷ್ಟು ದುಡ್ಡು ತಿನ್ನುವ ತಪ್ಪು ತಿಳಿವಳಿಕೆ ಇನ್ನೊಂದಿಲ್ಲ. ಎಂಜಿನ್ ಯಾವ ಆರ್‌ಪಿಎಂನಲ್ಲಿ ಮೈತುಂಬಿಕೊಳ್ಳುತ್ತದೋ ಸ್ಟಾಲ್ ಅದರ ಹತ್ತಿರ ಇರಬೇಕು. ಕೆಳಗಿನಿಂದಲೇ ಎಳೆಯುವ ಎಂಜಿನ್ನಿಗೆ 4,500ರ ಕನ್ವರ್ಟರ್ ಹಾಕಿದರೆ ಎಣ್ಣೆ ಕಾಯುತ್ತದೆ, ಗಾಡಿ ಹೋಗುವುದಿಲ್ಲ. ಪೇಟೆಯ ಟ್ರಾಫಿಕ್‌ನಲ್ಲಂತೂ ಬರೀ ಜಾರಾಟ. ಇನ್ನೊಂದು ಸಂಗತಿ: ಡಬ್ಬಿಯ ಮೇಲೆ ಬರೆದ ಸ್ಟಾಲ್ ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಅದೇ ಕನ್ವರ್ಟರ್ ಹೆಚ್ಚು ಟಾರ್ಕಿನ ಎಂಜಿನ್ ಹಿಂದೆ ಕೂತರೆ ಸ್ಟಾಲ್ ಏರುತ್ತದೆ, ಬಡಕಲು ಎಂಜಿನ್ ಹಿಂದೆ ಕೂತರೆ ಇಳಿಯುತ್ತದೆ. ಹಾಗಾಗಿ ಕಾರಿನ ತೂಕ, ಗೇರ್ ಅನುಪಾತ, ಎಂಜಿನ್ ಮೂರನ್ನೂ ಕೇಳದೆ ಕನ್ವರ್ಟರ್ ಮಾರುವವರಿಂದ ದೂರವಿರುವುದು ಒಳ್ಳೆಯದು.

ಡಿಎಸ್‌ಜಿಯಂಥ ಎರಡು ಕ್ಲಚ್ಚಿನ ಗೇರ್‌ಬಾಕ್ಸಿಗೂ, ಮ್ಯಾನ್ಯುವಲ್ ಪೆಟ್ಟಿಗೆಯ ಕ್ಲಚ್ಚನ್ನು ಯಂತ್ರವೇ ಒತ್ತುವ ಎಎಂಟಿಗೂ ಈ ಮಾತು ಅನ್ವಯಿಸದು, ಅವುಗಳಲ್ಲಿ ಟಾರ್ಕ್ ಕನ್ವರ್ಟರೇ ಇಲ್ಲ. ಫೋಕ್ಸ್‌ವ್ಯಾಗನ್ ವರ್ಟಸ್‌ನ 1.0 ಲೀಟರ್ ಎಂಜಿನ್ನಿಗೆ ಬಂದ ಆರು ಗೇರಿನ ಆಟೋಮ್ಯಾಟಿಕ್ ಕನ್ವರ್ಟರಿನದು, 1.5 ಲೀಟರಿನದು ಡಿಎಸ್‌ಜಿ.

ರೇಸಿನ ಹಂಗಿಲ್ಲದ ಮಿಸ್ತ್ರಿಗಳಿಗೂ ಸ್ಟಾಲ್ ಸ್ಪೀಡ್ ಬೇಕು. ಬ್ರೇಕ್ ಒತ್ತಿ ಎಕ್ಸಿಲರೇಟರ್ ತುಳಿದು ನೋಡುವ ಸ್ಟಾಲ್ ಟೆಸ್ಟಿನಲ್ಲಿ ಆರ್‌ಪಿಎಂ ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಬಂದರೆ ಎಂಜಿನ್ ಬಲಗುಂದಿದೆ, ಇಲ್ಲವೇ ಸ್ಟೇಟರ್ ಕೆಟ್ಟಿದೆ. ಹೆಚ್ಚು ಬಂದರೆ ಗೇರ್‌ಬಾಕ್ಸಿನೊಳಗೆ ಕ್ಲಚ್ ಜಾರುತ್ತಿದೆ, ಅಥವಾ ಎಣ್ಣೆ ಕಡಿಮೆಯಿದೆ. ಟೆಸ್ಟ್ ಐದು ಸೆಕೆಂಡ್ ಮೀರಬಾರದು, ಆಮೇಲೆ ನ್ಯೂಟ್ರಲ್‌ನಲ್ಲಿ ಎಂಜಿನ್ ಓಡಿಸಿ ಎಣ್ಣೆ ತಣಿಯಲು ಬಿಡಬೇಕು. ಈಚಿನ ಹಲವು ಕಾರುಗಳಲ್ಲಿ ಎರಡೂ ಪೆಡಲ್ ಒಟ್ಟಿಗೆ ಒತ್ತಿದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯು ತಾನೇ ಎಂಜಿನ್ನನ್ನು ತಡೆಹಿಡಿಯುತ್ತದೆ. ಅಂಥ ಗಾಡಿಯಲ್ಲಿ ಮೀಟರ್ ತೋರಿಸುವುದು ನಿಜವಾದ ಸ್ಟಾಲ್ ಅಲ್ಲ.