ಇಂಬಳದ ಗಾಯದಲ್ಲಿ ರಕ್ತ ಏಕೆ ಬೇಗ ನಿಲ್ಲುವುದಿಲ್ಲ? ಹೆಪ್ಪುಗಟ್ಟುವಿಕೆ ಕುರಿತ ಟಿಪ್ಪಣಿ

ಮಳೆಗಾಲದಲ್ಲಿ ಅಡಿಕೆ ತೋಟಕ್ಕೆ ಹೋಗಿ ಬಂದವರ ಕಾಲು ನೋಡಿ. ಕತ್ತಿಯ ತುದಿ ತಾಗಿ ಆದ ಗೀರು ಐದಾರು ನಿಮಿಷದಲ್ಲಿ ಒಣಗಿರುತ್ತದೆ. ಅದರ ಪಕ್ಕದಲ್ಲೇ ಇಂಬಳ (ನೆಲದ ಜಿಗಣೆ) ಕಚ್ಚಿದ ಸಾಸಿವೆ ಕಾಳಿನಷ್ಟು ಗಾಯ ಮಾತ್ರ ಇಂಬಳ ಉದುರಿ ಎಷ್ಟು ಹೊತ್ತಾದರೂ ಒಸರುತ್ತಲೇ ಇರುತ್ತದೆ. ಕಾಲೂ ಒಂದೇ, ರಕ್ತವೂ ಒಂದೇ. ಈ ವ್ಯತ್ಯಾಸಕ್ಕೆ ಕಾರಣ ಹೇಳಲು ಬಂದರೆ ಹೆಪ್ಪುಗಟ್ಟುವಿಕೆಯ ಪಾಠ ಮುಕ್ಕಾಲು ಪಾಲು ಮುಗಿದಂತೆ.

ಮೊದಲು ‘ಹೆಪ್ಪು’ ಎಂಬ ಪದದ ವಿಚಾರ. ಹಾಲಿಗೆ ಹೆಪ್ಪು ಹಾಕಿದರೆ ಹುಳಿ ಏರಿ ಕೇಸೀನ್ ಎಂಬ ಪ್ರೋಟೀನ್ ಗಟ್ಟಿಯಾಗುತ್ತದೆ. ಅಲ್ಲಿ ಕೆಲಸ ಒಂದೇ. ರಕ್ತದಲ್ಲಿ ಹುಳಿಗೆ ಕೆಲಸವಿಲ್ಲ, ಕಿಣ್ವಗಳು ಒಂದನ್ನೊಂದು ಎಬ್ಬಿಸುತ್ತ ಹೋಗುತ್ತವೆ. ಆದರೂ ಹೋಲಿಕೆ ಒಂದು ಕಡೆ ಉಪಯೋಗಕ್ಕೆ ಬರುತ್ತದೆ. ಮೊಸರು ಒಡೆದಾಗ ಮೇಲೆ ತಿಳಿನೀರು ನಿಲ್ಲುವಂತೆ, ಗಟ್ಟಿಯಾದ ರಕ್ತ ಕುಗ್ಗಿದಾಗ ಉಳಿಯುವ ಹಳದಿ ದ್ರವವೇ ಸೀರಮ್. ಪ್ಲಾಸ್ಮಾ ಬೇರೆ, ಸೀರಮ್ ಬೇರೆ. ರಕ್ತಕಣಗಳನ್ನು ಬಿಟ್ಟು ಉಳಿದ ದ್ರವವಾದ ಪ್ಲಾಸ್ಮಾದಲ್ಲಿ ಫೈಬ್ರಿನೋಜನ್ ಎಂಬ ಪ್ರೋಟೀನ್ ಇರುತ್ತದೆ. ಸೀರಮ್‌ನಲ್ಲಿ ಅದು ಖರ್ಚಾಗಿ ಹೋಗಿರುತ್ತದೆ. ಮೌಖಿಕ ಪರೀಕ್ಷೆಯಲ್ಲಿ ಇದನ್ನು ಕೇಳದೆ ಬಿಡುವವರು ಕಡಿಮೆ.

ಗಾಯವಾದ ಕ್ಷಣದಿಂದ

ರಕ್ತನಾಳ ಕತ್ತರಿಸಿದ ಕೂಡಲೇ ಅದರ ಗೋಡೆಯ ನಯಸ್ನಾಯು ಸೆಟೆದುಕೊಂಡು ನಾಳ ಕಿರಿದಾಗುತ್ತದೆ. ಇದು ಸಮಯ ಗಳಿಸುವ ಉಪಾಯ, ಅಷ್ಟೇ. ಲೋಮನಾಳಗಳಲ್ಲಿ ಸ್ನಾಯುವೇ ಇಲ್ಲ, ಅವು ಕುಗ್ಗಲಾರವು.

ಎರಡನೆಯ ಕೆಲಸ ಪ್ಲೇಟ್‌ಲೆಟ್‌ಗಳದ್ದು. ಮೂಳೆಮಜ್ಜೆಯ ದೈತ್ಯಕೋಶಗಳಾದ ಮೆಗಾಕ್ಯಾರಿಯೋಸೈಟ್‌ಗಳಿಂದ ಮುರಿದು ಬಂದ ಚೂರುಗಳಿವು. ಅಗಲ 2ರಿಂದ 3 ಮೈಕ್ರೊಮೀಟರ್, ಆಯುಷ್ಯ 7ರಿಂದ 10 ದಿನ, ಒಂದು ಮೈಕ್ರೊಲೀಟರ್ ರಕ್ತದಲ್ಲಿ ಸಂಖ್ಯೆ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ. ನಾಳದ ಒಳಪದರ ಹರಿದಾಗ ಕೆಳಗಿನ ಕೊಲಾಜನ್ ಹೊರಗೆ ಕಾಣುತ್ತದೆ. ವಾನ್ ವಿಲ್ಲೆಬ್ರಾಂಡ್ ಅಂಶ ಎಂಬ ಉದ್ದನೆಯ ಪ್ರೋಟೀನ್ ಆ ಕೊಲಾಜನ್‌ಗೆ ಅಂಟಿ, ಹರಿದು ಹೋಗುತ್ತಿರುವ ಪ್ಲೇಟ್‌ಲೆಟ್‌ಗಳನ್ನು ಹಿಡಿದು ನಿಲ್ಲಿಸುತ್ತದೆ. ನಿಂತ ಪ್ಲೇಟ್‌ಲೆಟ್ ಎಡಿಪಿ ಮತ್ತು ಥ್ರಾಂಬಾಕ್ಸೇನ್ ಎ2 ಬಿಡುಗಡೆ ಮಾಡಿ ಉಳಿದವನ್ನು ಕರೆಯುತ್ತದೆ. ಎಲ್ಲ ಸೇರಿ ಒಂದು ಬಿರಡೆಯಾಗುತ್ತದೆ. ಆಸ್ಪಿರಿನ್ ಕೈ ಹಾಕುವುದು ಈ ಥ್ರಾಂಬಾಕ್ಸೇನ್ ತಯಾರಿಗೆ. ಪ್ಲೇಟ್‌ಲೆಟ್‌ಗೆ ಕೋಶಕೇಂದ್ರವಿಲ್ಲದ ಕಾರಣ ಕೆಟ್ಟ ಕಿಣ್ವವನ್ನು ಮತ್ತೆ ಮಾಡಿಕೊಳ್ಳಲಾರದು; ಆದ್ದರಿಂದ ಮಾತ್ರೆಯ ಪರಿಣಾಮ ಆ ಪ್ಲೇಟ್‌ಲೆಟ್ ಸಾಯುವವರೆಗೂ ಇರುತ್ತದೆ. ಮಾತ್ರೆ ನಿಲ್ಲಿಸಿ ವಾರ ಕಾದು ಶಸ್ತ್ರಚಿಕಿತ್ಸೆ ಮಾಡುವುದರ ಹಿಂದಿನ ಲೆಕ್ಕ ಇದೇ.

ಈ ಬಿರಡೆ ಸಡಿಲವಾದದ್ದು. ಅದರ ಮೇಲೆ ಫೈಬ್ರಿನ್ ಬಲೆ ಬಿಗಿಯಬೇಕು. ಹೆಪ್ಪುಗಟ್ಟಿಸುವ ಹನ್ನೆರಡು ಅಂಶಗಳ (ಫ್ಯಾಕ್ಟರ್) ಪಟ್ಟಿ ನೋಡಿ ಗಾಬರಿಯಾಗಬೇಡಿ (ಸಂಖ್ಯೆ 13ರವರೆಗೆ ಹೋದರೂ 6ನೆಯದು ಪಟ್ಟಿಯಲ್ಲಿಲ್ಲ). ಹಿಂದಿನಿಂದ ಕಲಿಯಿರಿ, ಸುಲಭ. ಕೊನೆಗೆ ಬೇಕಾದದ್ದು ಫೈಬ್ರಿನ್. ಅದನ್ನು ಫೈಬ್ರಿನೋಜನ್‌ನಿಂದ ಮಾಡುವುದು ಥ್ರಾಂಬಿನ್. ಥ್ರಾಂಬಿನ್ ಬರುವುದು ಪ್ರೋಥ್ರಾಂಬಿನ್ ಎಂಬ 2ನೆಯ ಅಂಶದಿಂದ. ಮಾಡುವುದು 10ನೆಯ ಅಂಶ, ಜೊತೆಗೆ 5ನೆಯದರ ಸಹಾಯ. ಆ 10ನ್ನು ಎಬ್ಬಿಸಲು ಎರಡು ದಾರಿ. ಗಾಯದ ಅಂಗಾಂಶದಿಂದ ಬರುವ ಟಿಶ್ಯೂ ಫ್ಯಾಕ್ಟರ್ 7ನೆಯದರ ಜೊತೆ ಸೇರಿದರೆ ಹೊರದಾರಿ. 12, 11, 9, 8 ಎಂದು ಇಳಿದು ಬಂದರೆ ಒಳದಾರಿ. ಹಲವು ಮೆಟ್ಟಿಲುಗಳಲ್ಲಿ ಕ್ಯಾಲ್ಸಿಯಂ ಬೇಕು. 13ನೆಯದು ಕೊನೆಯಲ್ಲಿ ಫೈಬ್ರಿನ್ ಎಳೆಗಳಿಗೆ ಅಡ್ಡ ಹೊಲಿಗೆ ಹಾಕುತ್ತದೆ. 2, 7, 9, 10 ಯಕೃತ್ತಿನಲ್ಲಿ ತಯಾರಾಗಲು ವಿಟಮಿನ್ ಕೆ ಬೇಕೇ ಬೇಕು. ಈ ನಾಲ್ಕು ಅಂಕಿ ಮಾತ್ರ ಬಾಯಿಪಾಠ ಮಾಡಿ.

ಥ್ರಾಂಬಿನ್ ಮೇಲೆ ಒಂದು ಕಣ್ಣಿಡಿ. ಅದು ಫೈಬ್ರಿನ್ ಮಾಡುವುದಷ್ಟೇ ಅಲ್ಲ, ಪ್ಲೇಟ್‌ಲೆಟ್‌ಗಳನ್ನೂ ಕೆರಳಿಸುತ್ತದೆ, 5 ಮತ್ತು 8ನೆಯ ಅಂಶಗಳನ್ನೂ ಎಬ್ಬಿಸಿ ತನ್ನ ತಯಾರಿಯನ್ನು ತಾನೇ ಹೆಚ್ಚಿಸಿಕೊಳ್ಳುತ್ತದೆ. ಅಡ್ಡಿ ಮಾಡಬೇಕೆಂದಿರುವವನು ಹಿಡಿಯಬೇಕಾದದ್ದು ಇದನ್ನೇ.

ಇಂಬಳ ಹಿಡಿಯುವುದೂ ಇದನ್ನೇ. ಜಿಗಣೆಯ ಜೊಲ್ಲಿನಲ್ಲಿ ರಕ್ತ ಗಟ್ಟಿಯಾಗದಂತೆ ತಡೆಯುವ ವಸ್ತುವಿದೆ ಎಂದು ಜಾನ್ ಹೇಕ್ರಾಫ್ಟ್ 1884ರಲ್ಲಿ ತೋರಿಸಿದರು. ಅದಕ್ಕೆ ಆಮೇಲೆ ಹಿರುಡಿನ್ ಎಂದು ಹೆಸರಾಯಿತು. ನೀರಿನ ಜಿಗಣೆಯಂತೆ ನೆಲದ ಮೇಲಿನ ಇಂಬಳದ ಕುಲವಾದ ಹೀಮಾಡಿಪ್ಸಾದಲ್ಲೂ ಥ್ರಾಂಬಿನ್‌ಗೆ ಬೀಗ ಹಾಕುವ ಪ್ರೋಟೀನ್ ಇದೆ, ಹೆಸರು ಹೀಮಾಡಿನ್. ಥ್ರಾಂಬಿನ್ ಕಟ್ಟಿಬಿದ್ದರೆ ಬಲೆಯೂ ಬಿಗಿಯದು, ಬಿರಡೆಯೂ ಗಟ್ಟಿಯಾಗದು. ಆದರೆ ಜೊಲ್ಲಿನ ಪ್ರಮಾಣ ತೀರಾ ಅಲ್ಪ. ವಯಸ್ಕರ ಮೈಯಲ್ಲಿ ಸುಮಾರು 5 ಲೀಟರ್ ರಕ್ತವಿದೆ. ಅಡ್ಡಿ ಆ ಗಾಯಕ್ಕಷ್ಟೇ ಸೀಮಿತ. ಅದೇ ಹೊತ್ತಿಗೆ ತೋಳಿನಿಂದ ರಕ್ತ ತೆಗೆದು ಪರೀಕ್ಷಿಸಿದರೆ ಎಲ್ಲವೂ ಸರಿಯಾಗಿಯೇ ಬರುತ್ತದೆ.

ಕಚ್ಚಿರುವ ಇಂಬಳದ ಸಪೂರ ತುದಿಯಲ್ಲಿ ಬಾಯಿ ಇರುತ್ತದೆ. ಅಲ್ಲಿ ಉಗುರನ್ನು ಚರ್ಮಕ್ಕೆ ತಾಗಿಸಿ ಪಕ್ಕಕ್ಕೆ ಸರಿಸಿದರೆ ಬಿಡುತ್ತದೆ, ಆಮೇಲೆ ಹಿಂದಿನ ದಪ್ಪ ತುದಿ ಬಿಡಿಸಿ. ಸುಣ್ಣ, ಉಪ್ಪು, ಹೊಗೆಸೊಪ್ಪು ಹಚ್ಚಿದರೂ ಉದುರುತ್ತದೆ ನಿಜ, ಆದರೆ ಹೊಟ್ಟೆಯಲ್ಲಿದ್ದದ್ದನ್ನು ಗಾಯಕ್ಕೇ ಕಾರುವ ಸಾಧ್ಯತೆ ಇದೆ. ಸೋಪು ನೀರಿನಲ್ಲಿ ತೊಳೆದು ಶುದ್ಧ ಬಟ್ಟೆಯಿಂದ 10–15 ನಿಮಿಷ ಎತ್ತಿ ನೋಡದೆ ಒತ್ತಿ ಹಿಡಿಯಿರಿ. ಎರಡು ನಿಮಿಷಕ್ಕೊಮ್ಮೆ ಬಟ್ಟೆ ಎತ್ತಿದರೆ ಆಗಷ್ಟೇ ಕಟ್ಟಿದ ಎಳೆ ಕಿತ್ತುಬರುತ್ತದೆ. ಗಾಯಕ್ಕೆ ಕಾಫಿಪುಡಿ ಮೆತ್ತುವವರಿದ್ದಾರೆ. ಅಲ್ಲಿ ರಕ್ತ ನಿಲ್ಲಿಸುವುದು ಹೆಚ್ಚಾಗಿ ಮೆತ್ತುವಾಗ ಬಿದ್ದ ಒತ್ತಡ.

ಕೊಳಕುಮಂಡಲ: ತದ್ವಿರುದ್ಧ ದಾರಿ, ಅದೇ ಫಲ

ವಿದ್ಯಾರ್ಥಿಗಳು ಹೆಚ್ಚು ಎಡವುವುದು ಇಲ್ಲಿ. ಕೊಳಕುಮಂಡಲ ಹಾವಿನ ವಿಷ ಹೆಪ್ಪುಗಟ್ಟುವುದನ್ನು ತಡೆಯುವುದಿಲ್ಲ, ಬಲವಂತವಾಗಿ ಮಾಡಿಸುತ್ತದೆ. ವಿಷದ ಕಿಣ್ವಗಳು 10ನೆಯ ಮತ್ತು 5ನೆಯ ಅಂಶಗಳನ್ನು ನೇರವಾಗಿ ಎಬ್ಬಿಸುತ್ತವೆ. ಮೈತುಂಬ ಸಣ್ಣ ಸಣ್ಣ ಫೈಬ್ರಿನ್ ಎಳೆಗಳು ಹುಟ್ಟುತ್ತವೆ, ಪ್ಲಾಸ್ಮಿನ್ ಎಂಬ ಕಿಣ್ವ ಅವನ್ನು ಕರಗಿಸುತ್ತ ಹೋಗುತ್ತದೆ. ಸಾಮಾನ್ಯವಾಗಿ 100 ಮಿಲಿ ಪ್ಲಾಸ್ಮಾದಲ್ಲಿ 200–400 ಮಿಲಿಗ್ರಾಂ ಇರುವ ಫೈಬ್ರಿನೋಜನ್ ಬರಿದಾಗುತ್ತದೆ. ಕಣಜ ಖಾಲಿಯಾದ ಮೇಲೆ ನಿಜವಾದ ಗಾಯಕ್ಕೆ ಹಾಕಲು ಏನೂ ಉಳಿದಿರುವುದಿಲ್ಲ.

ಇದನ್ನು ಹಿಡಿಯಲು ಯಂತ್ರ ಬೇಡ. ಆಗುಂಬೆಯಿಂದ ಶಿವಮೊಗ್ಗಕ್ಕೆ ಸುಮಾರು 90 ಕಿ.ಮೀ. ಇರುವಾಗ, ಊರಿನ ಆರೋಗ್ಯ ಕೇಂದ್ರದಲ್ಲೇ ಆಗುವ 20 ನಿಮಿಷದ ಪರೀಕ್ಷೆಗೆ ಬೆಲೆ ಹೆಚ್ಚು. ಹೊಸ, ಒಣ, ಶುದ್ಧ ಗಾಜಿನ ಪ್ರನಾಳಕ್ಕೆ 2 ಮಿಲಿ ಸಿರೆಯ ರಕ್ತ ಹಾಕಿ, ಅಲುಗಿಸದೆ ಕೋಣೆಯ ಉಷ್ಣಾಂಶದಲ್ಲಿ 20 ನಿಮಿಷ ನಿಲ್ಲಿಸಿ, ಒಮ್ಮೆ ಓರೆ ಮಾಡಿ. ರಕ್ತ ನೀರಿನಂತೆ ಹರಿದರೆ ಹೆಪ್ಪುಗಟ್ಟುವ ಶಕ್ತಿ ಹೋಗಿದೆ. ಗಾಜೇ ಏಕೆ? ಗಾಜಿನ ಮೇಲ್ಮೈ 12ನೆಯ ಅಂಶವನ್ನು ಎಬ್ಬಿಸುತ್ತದೆ, ಪ್ಲಾಸ್ಟಿಕ್ ಆ ಕೆಲಸ ಸರಿಯಾಗಿ ಮಾಡದು. ಸೋಪಿನ ಪುಡಿಯಲ್ಲಿ ತೊಳೆದ ಗಾಜೂ ಆ ಗುಣ ಕಳೆದುಕೊಳ್ಳುತ್ತದೆ. ಆಗ ವಿಷವಿಲ್ಲದವರ ರಕ್ತವೂ ಹರಿಯುತ್ತದೆ. ಅನುಮಾನವಿದ್ದರೆ ಆರೋಗ್ಯವಂತರೊಬ್ಬರ ರಕ್ತವನ್ನು ಇನ್ನೊಂದು ಪ್ರನಾಳದಲ್ಲಿ ಜೊತೆಗಿಡಿ. ಮಧ್ಯೆ ಮಧ್ಯೆ ಓರೆ ಮಾಡಿ ನೋಡುವ ಚಪಲ ಬೇಡ.

ಮೊದಲ ಸಲ ಗಟ್ಟಿಯಾಯಿತೆಂದು ಕೈಬಿಡಬಾರದು. ವಿಷ ತಡವಾಗಿ ಏರಬಹುದು, ಆದ್ದರಿಂದ ಮೊದಲ 3 ಗಂಟೆ ಅರ್ಧ ಗಂಟೆಗೊಮ್ಮೆ, ಆಮೇಲೆ ಗಂಟೆಗೊಮ್ಮೆ ಮಾಡುತ್ತಾರೆ. ವಿಷನಿರೋಧಕ ಕೊಟ್ಟ ಮೇಲೆ ಮಾತ್ರ 6 ಗಂಟೆ ಕಾಯುತ್ತಾರೆ. ವಿಷ ನಿಂತರೂ ಹೊಸ ಅಂಶಗಳನ್ನು ಯಕೃತ್ತು ತಯಾರಿಸಿ ಕೊಡಲು ಅಷ್ಟು ಹೊತ್ತು ಬೇಕು. ನಾಗರ, ಕಾಳಿಂಗ ಕಚ್ಚಿದರೆ ಈ ಪರೀಕ್ಷೆ ಸರಿಯಾಗಿಯೇ ಬರಬಹುದು, ಅವುಗಳ ವಿಷ ಮುಖ್ಯವಾಗಿ ನರ-ಸ್ನಾಯುಗಳ ಮೇಲೆ ಕೆಲಸ ಮಾಡುತ್ತದೆ. ಅಲ್ಲಿ ನೋಡಬೇಕಾದದ್ದು ಜೋತುಬೀಳುವ ರೆಪ್ಪೆ ಮತ್ತು ಉಸಿರು.

ಮಂಗನ ಕಾಯಿಲೆ

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ, ಉಣುಗಿನಿಂದ ಹರಡುವ ಈ ವೈರಸ್ ಜ್ವರದಲ್ಲಿ ಮೊದಲ ವಾರ ಬಿಳಿರಕ್ತಕಣ ಮತ್ತು ಪ್ಲೇಟ್‌ಲೆಟ್ ಎರಡೂ ಇಳಿಯಬಹುದು. ಕೆಲವರಿಗೆ ಮೂಗು, ವಸಡಿನಲ್ಲಿ ರಕ್ತ ಬರುತ್ತದೆ. ಪ್ಲೇಟ್‌ಲೆಟ್ ಕೊರತೆಯ ರಕ್ತಸ್ರಾವ ಮೇಲ್ಮೈಯದು: ಚರ್ಮದಲ್ಲಿ ಒತ್ತಿದರೂ ಮಾಯವಾಗದ ಕೆಂಪು ಚುಕ್ಕೆ, ವಸಡು, ಮೂಗು. ಹೆಪ್ಪುಗಟ್ಟುವ ಅಂಶಗಳ ಕೊರತೆಯದು ಆಳದ್ದು: ಕೀಲು, ಸ್ನಾಯು. ಈ ಒಂದು ಭೇದ ಗೊತ್ತಿದ್ದರೆ ವರದಿ ಬರುವ ಮೊದಲೇ ಅರ್ಧ ಊಹಿಸಬಹುದು. ಜ್ವರಕ್ಕೆಂದು ಆಸ್ಪಿರಿನ್, ಐಬುಪ್ರೊಫೇನ್ ನುಂಗಿದರೆ ಸಂಖ್ಯೆ ಇಳಿದಿರುವುದರ ಜೊತೆಗೆ ಉಳಿದ ಪ್ಲೇಟ್‌ಲೆಟ್‌ಗಳ ಕೆಲಸವೂ ಕೆಡುತ್ತದೆ, ಪ್ಯಾರಾಸಿಟಮಾಲ್ ಸಾಕು. ಸ್ನಾಯುವಿಗೆ ಇಂಜೆಕ್ಷನ್ ಕೊಟ್ಟರೆ ಒಳಗೇ ರಕ್ತ ತುಂಬಿ ಗಡ್ಡೆಯಾಗಬಹುದು.

ಪ್ರನಾಳದಲ್ಲಿ ಆಗುವ ತಪ್ಪುಗಳು

ನೀಲಿ ಮುಚ್ಚಳದ ಪ್ರನಾಳದಲ್ಲಿ ಸಿಟ್ರೇಟ್ ಇದೆ, ಅದು ಕ್ಯಾಲ್ಸಿಯಂ ಹಿಡಿದಿಟ್ಟು ರಕ್ತ ಗಟ್ಟಿಯಾಗದಂತೆ ಕಾಯುತ್ತದೆ. ರಕ್ತ 9 ಪಾಲು, ಸಿಟ್ರೇಟ್ 1 ಪಾಲು, ಅಂದರೆ 0.3 ಮಿಲಿಗೆ 2.7 ಮಿಲಿ ರಕ್ತ. ಸಿರೆ ಸಿಗಲಿಲ್ಲವೆಂದು 1.5 ಮಿಲಿಗೇ ನಿಲ್ಲಿಸಿದರೆ ಪಾಲು 5:1 ಆಗಿ, ಹೆಚ್ಚಿನ ಸಿಟ್ರೇಟ್ ಪರೀಕ್ಷೆಗೆ ಹಾಕುವ ಕ್ಯಾಲ್ಸಿಯಂ ಅನ್ನೂ ನುಂಗಿ ಸಮಯ ಸುಳ್ಳಾಗಿ ಉದ್ದವಾಗುತ್ತದೆ. ಗೆರೆಯವರೆಗೆ ತುಂಬಿ, ಮೂರು ನಾಲ್ಕು ಸಲ ಮೆಲ್ಲಗೆ ಮಗುಚಿ. ಕಡಿಮೆ ಬಿತ್ತೆಂದು ನೇರಳೆ ಮುಚ್ಚಳದ ಪ್ರನಾಳದಿಂದ ಸುರಿದು ತುಂಬಿಸುವುದು ಇನ್ನೂ ದೊಡ್ಡ ತಪ್ಪು. ಅದರಲ್ಲಿರುವ, ಕ್ಯಾಲ್ಸಿಯಂ ಹಿಡಿದಿಡುವ ಇನ್ನೊಂದು ವಸ್ತುವಾದ ಇಡಿಟಿಎ ಸೇರಿಕೊಂಡು ಫಲಿತಾಂಶವೇ ಕೆಡುತ್ತದೆ.

ಪಿಟಿ (ಪ್ರೋಥ್ರಾಂಬಿನ್ ಟೈಮ್) ಎಂಬ ಪರೀಕ್ಷೆ ಹೊರದಾರಿಯನ್ನು ಅಳೆಯುತ್ತದೆ, ಸುಮಾರು 11–13.5 ಸೆಕೆಂಡ್. ಎಪಿಟಿಟಿ (ಆಕ್ಟಿವೇಟೆಡ್ ಪಾರ್ಷಿಯಲ್ ಥ್ರಾಂಬೊಪ್ಲಾಸ್ಟಿನ್ ಟೈಮ್) ಒಳದಾರಿಯನ್ನು, ಸುಮಾರು 25–35 ಸೆಕೆಂಡ್. ಪ್ರಯೋಗಾಲಯಕ್ಕೆ ತಕ್ಕಂತೆ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ. ಎರಡರಲ್ಲೂ ಪ್ಲೇಟ್‌ಲೆಟ್‌ನ ಪಾತ್ರವಿಲ್ಲ ಎಂಬುದನ್ನು ಮರೆಯಬೇಡಿ.

ಬಿಡಿಸಿ ನೋಡಲು ಮೂರು ವರದಿ

ಬಿದ್ದು ಮಂಡಿ ಊದಿದ 10 ವರ್ಷದ ಹುಡುಗ. ಪ್ಲೇಟ್‌ಲೆಟ್ 2,80,000, ಪಿಟಿ 12, ಎಪಿಟಿಟಿ 78. ರಕ್ತಸ್ರಾವ ಆಳದ್ದು, ಕೆಟ್ಟಿರುವುದು ಒಳದಾರಿ ಮಾತ್ರ. ಮೊದಲು ಅನುಮಾನಿಸಬೇಕಾದ್ದು 8 ಅಥವಾ 9ನೆಯ ಅಂಶದ ಕೊರತೆ, ಅಂದರೆ ಹೀಮೊಫೀಲಿಯಾ.

ಫೆಬ್ರವರಿಯಲ್ಲಿ ಕಾಡಿಗೆ ದರಗು ತರಲು ಹೋಗಿದ್ದ ಹೆಂಗಸು, ಜ್ವರದ ನಾಲ್ಕನೆಯ ದಿನ, ವಸಡಿನಲ್ಲಿ ರಕ್ತ. ಪ್ಲೇಟ್‌ಲೆಟ್ 38,000, ಪಿಟಿ 12.5, ಎಪಿಟಿಟಿ 31. ಎರಡೂ ದಾರಿ ಸರಿಯಿದೆ, ಬಿರಡೆ ಹಾಕಲು ಸಾಮಗ್ರಿ ಸಾಲದು. ಮಂಗನ ಕಾಯಿಲೆಯ ಪರೀಕ್ಷೆಗೆ ಕಳಿಸಬೇಕು, ಡೆಂಗಿಯನ್ನೂ ಬಿಡುವಂತಿಲ್ಲ.

ಮೂರನೆಯವರು ಗಟ್ಟಿಮುಟ್ಟಾಗಿದ್ದಾರೆ, ಜ್ವರವಿಲ್ಲ, ಚುಕ್ಕೆಯಿಲ್ಲ; ಪ್ಲೇಟ್‌ಲೆಟ್ ಮಾತ್ರ 22,000 ಎಂದು ಬಂದಿದೆ. ಗಾಬರಿಗೆ ಮೊದಲು ರಕ್ತಲೇಪ (ಗಾಜಿನ ಮೇಲೆ ತೆಳುವಾಗಿ ಹರಡಿದ ರಕ್ತ) ಸೂಕ್ಷ್ಮದರ್ಶಕದಲ್ಲಿ ನೋಡಿ. ಕೆಲವರ ಪ್ಲೇಟ್‌ಲೆಟ್‌ಗಳು ಇಡಿಟಿಎಯಲ್ಲಿ ಗುಂಪುಗಟ್ಟುತ್ತವೆ, ಯಂತ್ರ ಆ ಗುಂಪನ್ನು ಪ್ಲೇಟ್‌ಲೆಟ್ ಎಂದು ಎಣಿಸುವುದಿಲ್ಲ. ನೀಲಿ ಮುಚ್ಚಳದ ಪ್ರನಾಳದಲ್ಲಿ ಮತ್ತೆ ತೆಗೆದು ಎಣಿಸಿ, ಸಿಟ್ರೇಟ್ ದ್ರವದಿಂದ ತೆಳುವಾದದ್ದಕ್ಕೆ 1.1ರಿಂದ ಗುಣಿಸಿ. ಯಂತ್ರ 1,90,000 ಎಂದರೆ ನಿಜವಾದ ಸಂಖ್ಯೆ 2,09,000.